ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪಾಸರ್ ರೇಟಿಂಗ್ ಜಾಸ್ತಿ ಇರುವವನೇ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅಲ್ವಾ?

ಅಲ್ಲ. ಪಾಸ್ ಎಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್, ಅವನ ಎಸೆತಗಳಿಗೆ ಕೊಡುವ ಅಂಕ ಪಾಸರ್ ರೇಟಿಂಗ್. ನೀವು ಇಬ್ಬರ ಪಟ್ಟಿ ಹಾಕಿ, ಒಬ್ಬನದು 98, ಇನ್ನೊಬ್ಬನದು 84, ಹಾಗಾಗಿ ಮೊದಲನೆಯವನೇ ಮೇಲು ಅಂತ ಬರೆದಿದ್ದೀರಿ. ನಾನೂ ಇದೇ ಮಾತು ಹೇಳಿದ್ದೆ, ಅದೂ ಒಬ್ಬ ಕೋಚ್ ಎದುರಿಗೆ.

ನಾವಿರುವುದು ಟೆಕ್ಸಾಸ್‌ನಲ್ಲಿ. ಮಗ ಹೈಸ್ಕೂಲ್ ತಂಡದಲ್ಲಿದ್ದಾಗ ಶುಕ್ರವಾರದ ಪಂದ್ಯಗಳ ಲೆಕ್ಕ ಬರೆಯುವ ಕೆಲಸ ನಾನೇ ಕೇಳಿ ತಗೊಂಡಿದ್ದೆ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರನ್ನು ಆಡಿಸುವುದು ಅನ್ನುವ ಪ್ರಶ್ನೆ ಬಂತು. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ಸೂತ್ರ ಹಾಕಿ, ಒಬ್ಬನ ರೇಟಿಂಗ್ ತುಂಬಾ ಮೇಲಿದೆ ಅಂತ ತೋರಿಸಿದೆ. ಕೋಚ್ ನಂಬಿದರು.

ಸೂತ್ರದ ಒಳಗೇನಿದೆ ಅಂತ ನಾನು ಬಿಡಿಸಿ ನೋಡಿರಲಿಲ್ಲ. ತಪ್ಪಿದ್ದು ಅಲ್ಲೇ. 1973ರಿಂದ ಎನ್‌ಎಫ್‌ಎಲ್ ಬಳಸುವ ಈ ರೇಟಿಂಗ್ ನಾಲ್ಕೇ ವಿಷಯ ನೋಡುತ್ತದೆ: ಎಷ್ಟು ಪಾಸ್ ತನ್ನವರ ಕೈಸೇರಿತು, ಎಸೆತಕ್ಕೆ ಎಷ್ಟು ಯಾರ್ಡ್, ಎಷ್ಟು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ಮುಟ್ಟಿಸಿದ ಪಾಸ್), ಎಷ್ಟು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಗರಿಷ್ಠ 158.3. ಬಿಡಿಸಿ ನೋಡಿದರೆ, ಪಾಸ್ ಬರೀ ಕೈಸೇರಿದ್ದಕ್ಕೇ 20 ಯಾರ್ಡ್‌ನಷ್ಟು ಬೆಲೆ. ಟಚ್‌ಡೌನ್‌ಗೆ 80, ಇಂಟರ್‌ಸೆಪ್ಷನ್ ಆದರೆ 100 ಯಾರ್ಡ್ ಕಡಿತ. ಹಾಗಾಗಿ ಎಲ್ಲ ಪಾಸನ್ನೂ ಕೈಸೇರಿಸಿ ಒಂದು ಯಾರ್ಡ್ ಕೂಡ ಮುಂದೆ ಹೋಗದವನಿಗೆ 79.2 ಸಿಗುತ್ತದೆ! ಪ್ರತಿ ಚೆಂಡನ್ನೂ ನೆಲಕ್ಕೆ ಎಸೆದವನಿಗೂ 39.6.

ನಾನು ಆರಿಸಿದ ಹುಡುಗ ಆಡುತ್ತಿದ್ದದ್ದು ಹೀಗೆ. ಥರ್ಡ್ ಡೌನ್ (ನಾಲ್ಕು ಯತ್ನಗಳಲ್ಲಿ ಮೂರನೆಯದು), ಬೇಕಾದದ್ದು 8 ಯಾರ್ಡ್. ಪಕ್ಕದಲ್ಲೇ ಇದ್ದ ರನ್ನಿಂಗ್ ಬ್ಯಾಕ್‌ಗೆ 3 ಯಾರ್ಡ್‌ನ ಪಾಸ್. ನನ್ನ ಶೀಟ್‌ನಲ್ಲಿ ಇನ್ನೊಂದು ಕಂಪ್ಲೀಷನ್ (ಕೈಸೇರಿದ ಪಾಸ್) ಜಮಾ. ಮೈದಾನದಲ್ಲಿ ನಮ್ಮವರು ಪಂಟ್ ಮಾಡಿ, ಅಂದರೆ ದೂರಕ್ಕೆ ಒದ್ದು, ಚೆಂಡು ಬಿಟ್ಟುಕೊಟ್ಟರು. ಓವರಿಗೆ ಹತ್ತು ರನ್ ಬೇಕಿರುವಾಗ ಒಂದೊಂದೇ ರನ್ ತೆಗೆದು ನಾಟೌಟ್ ಉಳಿದವನ ಸರಾಸರಿ ಇದ್ದ ಹಾಗೆ.

ಇನ್ನು ಸ್ಯಾಕ್. ಚೆಂಡು ಹಿಡಿದುಕೊಂಡೇ ನಿಂತು ಏಟು ತಿಂದು ಹಿಂದೆ ಬಿದ್ದರೆ ತಂಡಕ್ಕೆ ನಷ್ಟ, ರೇಟಿಂಗ್‌ಗೆ ಏನೂ ಇಲ್ಲ. ಇನ್ನೊಬ್ಬ ಹುಡುಗ ಅಂಥ ಹೊತ್ತಲ್ಲಿ ಚೆಂಡನ್ನು ಗೆರೆಯಾಚೆ ಎಸೆದು ಯಾರ್ಡ್ ಉಳಿಸುತ್ತಿದ್ದ. ಕೈಸೇರದ ಪಾಸ್ ಅಂತ ಲೆಕ್ಕವಾಗಿ ಅದು ಅವನ ರೇಟಿಂಗನ್ನೇ ಇಳಿಸಿತು. ಅವನು ಓಡಿ ಗಳಿಸಿದ ಫಸ್ಟ್ ಡೌನ್‌ಗಳಂತೂ (ಬೇಕಾದಷ್ಟು ಯಾರ್ಡ್ ಮುಟ್ಟಿ ಹೊಸದಾಗಿ ಸಿಕ್ಕ ಯತ್ನಗಳು) ಲೆಕ್ಕದಲ್ಲೇ ಇಲ್ಲ. ಅವನದು ಶಾಲೆಯ ಕೊನೆಯ ವರ್ಷ. ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳಬೇಕಿದ್ದ ಸೀಸನ್ ಬೆಂಚ್ ಮೇಲೆ ಕಳೆದುಹೋಯಿತು. ಇವತ್ತಿಗೂ ನನಗೆ ಅದು ಸಂಕಟ.

ಆದ್ದರಿಂದ ರೇಟಿಂಗ್ ಪಕ್ಕಕ್ಕಿಡಿ. ಪಾಸಿಂಗ್ ಯಾರ್ಡ್‌ಗೆ ಪ್ರತಿ ಟಚ್‌ಡೌನ್‌ಗೆ 20 ಕೂಡಿಸಿ. ಪ್ರತಿ ಇಂಟರ್‌ಸೆಪ್ಷನ್‌ಗೆ 45 ಕಳೆಯಿರಿ, ಸ್ಯಾಕ್‌ನಲ್ಲಿ ಹೋದ ಯಾರ್ಡನ್ನೂ ಕಳೆಯಿರಿ. ಬಂದದ್ದನ್ನು ಎಸೆತ ಮತ್ತು ಸ್ಯಾಕ್ ಎರಡರ ಮೊತ್ತದಿಂದ ಭಾಗಿಸಿ. ಓಟ ಇದರಲ್ಲೂ ಬರುವುದಿಲ್ಲ, ಅದನ್ನು ಬೇರೆಯೇ ಬರೆದುಕೊಳ್ಳಿ. ಇಎಸ್‌ಪಿಎನ್‌ನವರು 2011ರಲ್ಲಿ ತಂದ ಕ್ಯೂಬಿಆರ್ ಅನ್ನುವ ಇನ್ನೊಂದು ರೇಟಿಂಗ್‌ನಲ್ಲಿ ಓಟವೂ ಸೇರುತ್ತದೆ, ಆದರೆ ಅದನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಲಾಗದು. ಹಳಬರ ಜೊತೆಗಂತೂ ಹೋಲಿಸಲೇಬೇಡಿ. ಜಾನಿ ಯುನೈಟಸ್ ಅಂಥ ಹಳೆಯ ಕಾಲದ ಮಹಾನ್ ಕ್ವಾರ್ಟರ್‌ಬ್ಯಾಕ್‌ನ ಒಟ್ಟು ರೇಟಿಂಗೇ 78.2. ಪಾಸ್ ಹಿಡಿಯುವವರಿಗೆ ಅನುಕೂಲವಾಗುವ ನಿಯಮಗಳು ಬಂದದ್ದು 1978ರಲ್ಲಿ, ಅವನು ನಿವೃತ್ತನಾದ ಮೇಲೆ.

ನಿಮ್ಮ ಪಟ್ಟಿಯಲ್ಲಿ ಸ್ಯಾಕ್ ಕಾಲಂ ಇಲ್ಲ. ಇಬ್ಬರದೂ ಹಾಕಿ. ಥರ್ಡ್ ಡೌನ್‌ನಲ್ಲಿ ಯಾರು ಎಷ್ಟು ಸಲ ಫಸ್ಟ್ ಡೌನ್ ತಂದರು ಅನ್ನೋದನ್ನೂ ಬರೆಯಿರಿ. ಆಮೇಲೆ ಯಾರು ಮೇಲು ಅಂತ ಮಾತಾಡೋಣ.