ನಿಂತಲ್ಲೇ ನಡುಗುವ ಎಸ್ಟೀಮ್: ಪಂಪ್ ಬದಲಿಸುವ ಮುನ್ನ ಪ್ರೆಶರ್ ನೋಡಿ

ಪ್ರಶ್ನೆ: ನನ್ನದು 2003ರ ಮಾರುತಿ ಎಸ್ಟೀಮ್, ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್). ಬೆಳಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಆಮೇಲೆ ಸ್ವಲ್ಪ ಹೊತ್ತು ಕಪ್ಪು ಹೊಗೆ. ಸಿಗ್ನಲ್‌ನಲ್ಲಿ ನಿಂತರೆ ಇಡೀ ಗಾಡಿ ನಡುಗುತ್ತದೆ, ಎಸಿ ಹಾಕಿದರೆ ಆಫ್. ಲೀಟರಿಗೆ 14 ಕಿ.ಮೀ. ಕೊಡುತ್ತಿದ್ದದ್ದು 10ಕ್ಕೆ ಇಳಿದಿದೆ. ಪ್ಲಗ್ ಹೊಸದು, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ್ದೇನೆ. ಈಗ ಫ್ಯೂಯಲ್ ಪಂಪ್ ಹೋಗಿದೆ ಎನ್ನುತ್ತಿದ್ದಾರೆ. ಬದಲಿಸಲೇ?
— ಓದುಗರು, ದಾವಣಗೆರೆ

ಉತ್ತರ: ಈಗಲೇ ಬೇಡ. ಪಂಪ್ ಸೋತರೆ ಎಂಜಿನ್ನಿಗೆ ಪೆಟ್ರೋಲ್ ಸಾಲುವುದಿಲ್ಲ. ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಪಿಕಪ್ ಸಾಯುತ್ತದೆ, ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡುವುದು) ಮಾತ್ರ ಹೇಗೋ ನಡೆದಿರುತ್ತದೆ. ನಿಮ್ಮ ಗಾಡಿಯ ಕಪ್ಪು ಹೊಗೆ ಮತ್ತು ಬಿದ್ದುಹೋದ ಮೈಲೇಜ್ ಇದರ ಉಲ್ಟಾ ಹೇಳುತ್ತಿವೆ. ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಮೊದಲ ಅನುಮಾನ ಪೆಟ್ರೋಲಿನ ಒತ್ತಡವನ್ನು ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರ್ ಮೇಲೆ.

ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿಗೆ ಕೂಡಿಕೊಂಡ ಸಣ್ಣ ಲೋಹದ ಡಬ್ಬಿಯೇ ರೆಗ್ಯುಲೇಟರ್. ಅದರ ತಲೆಯಿಂದ ಬೆರಳಿಗಿಂತ ಸಪೂರ ರಬ್ಬರ್ ಪೈಪೊಂದು ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಎಂಜಿನ್ ಓಡಿಸಿ, ಆಫ್ ಮಾಡಿ, ಆ ಪೈಪ್ ಬಿಡಿಸಿ ಬಿಳಿ ಕಾಗದದ ಮೇಲೆ ಒಮ್ಮೆ ಕೊಡವಿ. ಅದರೊಳಗೆ ಇರಬೇಕಾದದ್ದು ಬರೀ ಗಾಳಿ. ಕಾಗದ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಒಳಗಿನ ಡಯಾಫ್ರಾಮ್ (ತೆಳು ಪೊರೆ) ಹರಿದಿದೆ, ಪೆಟ್ರೋಲ್ ನೇರ ಮ್ಯಾನಿಫೋಲ್ಡ್‌ಗೆ ಇಳಿಯುತ್ತಿದೆ ಎಂದರ್ಥ. ರೆಗ್ಯುಲೇಟರನ್ನು ಹೊಸ ಓ-ರಿಂಗ್ ಸಮೇತ ಬದಲಿಸಿ. ಡಿಪ್‌ಸ್ಟಿಕ್ಕನ್ನೂ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಹೊಡೆದರೆ ಅದೇ ದಿನ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಅದರ ಖರ್ಚಿನ ಮುಂದೆ ರೆಗ್ಯುಲೇಟರ್ ಏನೂ ಅಲ್ಲ.

ಕಾಗದ ಒಣಗಿದ್ದರೆ ಗೇಜ್ ಬೇಕು. ಚದರ ಸೆಂ.ಮೀ.ಗೆ 0ಯಿಂದ 7 ಕೆ.ಜಿ. ಪ್ರೆಶರ್ ತೋರಿಸುವ ಗೇಜ್, ಟಿ-ಜಾಯಿಂಟ್, ಇಂಜೆಕ್ಷನ್ ಗಾಡಿಗೆಂದೇ ಬರುವ ಹೋಸ್. ಕಾರ್ಬ್ಯುರೇಟರ್ ಗಾಡಿಯ ಹೋಸ್ ಈ ಪ್ರೆಶರ್ ತಡೆಯುವುದಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ, ಬಯಲಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿ. ಮೊದಲು ಪಂಪಿನ ರಿಲೇ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಮತ್ತೆರಡು ಸಲ ಮೂರು ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಲೈನಿನ ಪ್ರೆಶರ್ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ತೆಗೆದು ಪೆಟ್ರೋಲ್ ತರುವ ಪೈಪ್ ಬಿಚ್ಚಿ. ಬೋಲ್ಟಿನ ವಾಷರ್ ಹೊಸದೇ ಹಾಕಬೇಕು. ಗೇಜ್ ಕೂರಿಸಿ ರಿಲೇ, ಬ್ಯಾಟರಿ ಮೊದಲಿನಂತೆ ಜೋಡಿಸಿ, ಕೀ ಆನ್ ಮಾಡಿ ಎಲ್ಲೂ ಒಸರುತ್ತಿಲ್ಲ ಎಂದು ನೋಡಿಕೊಂಡ ಮೇಲೆಯೇ ಸ್ಟಾರ್ಟ್ ಮಾಡಿ.

ಎಂಜಿನ್ ನಿಂತು ಪಂಪ್ ಮಾತ್ರ ಓಡುವಾಗ ಚದರ ಸೆಂ.ಮೀ.ಗೆ 2.7ರಿಂದ 3.1 ಕೆ.ಜಿ. ಇರಬೇಕು. ಐಡ್ಲಿಂಗ್‌ನಲ್ಲಿ 2.1ರಿಂದ 2.6. ಇಳಿಯುವುದೇಕೆ ಎಂದರೆ, ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಬಲವಾಗಿ ಎಳೆಯುತ್ತದೆ. ಅಷ್ಟನ್ನು ರೆಗ್ಯುಲೇಟರ್ ಕಡಿಮೆ ಮಾಡದಿದ್ದರೆ ಇಂಜೆಕ್ಟರ್ ಲೆಕ್ಕಕ್ಕಿಂತ ಹೆಚ್ಚು ಸುರಿಯುತ್ತದೆ. ಐಡ್ಲಿಂಗ್‌ನಲ್ಲೂ ಮುಳ್ಳು 3ರ ಹತ್ತಿರವೇ ನಿಂತಿದ್ದರೆ ಆ ಸಪೂರ ಪೈಪ್ ಬಿರುಕು ಬಿಟ್ಟಿದೆ, ಇಲ್ಲವೇ ರೆಗ್ಯುಲೇಟರ್ ಸಿಕ್ಕಿಕೊಂಡಿದೆ. 3.1ನ್ನೂ ದಾಟಿದರೆ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪ್ ಎಲ್ಲಾದರೂ ಮಡಚಿದೆಯೇ ನೋಡಿ.

ಬೆಳಗಿನ ಸ್ಟಾರ್ಟಿಂಗ್ ತೊಂದರೆಗೆ ಉತ್ತರ ಎಂಜಿನ್ ಆಫ್ ಮಾಡಿದ ಮೇಲೆ ಸಿಗುತ್ತದೆ. ಒಂದು ನಿಮಿಷದ ನಂತರವೂ ಮುಳ್ಳು 2ಕ್ಕಿಂತ ಮೇಲಿರಬೇಕು. ಬೇಗ ಬೀಳುತ್ತಿದ್ದರೆ ಮತ್ತೆ ಪ್ರೆಶರ್ ಏರಿಸಿ, ಆಫ್ ಮಾಡಿದ ಕೂಡಲೇ ರಬ್ಬರ್ ರಿಟರ್ನ್ ಪೈಪನ್ನು ಬಟ್ಟೆ ಸುತ್ತಿ ಕ್ಲ್ಯಾಂಪಿನಿಂದ ಒತ್ತಿ. ಮುಳ್ಳು ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ಪಂಪಿನಿಂದ ಬರುವ ಪೈಪ್ ಒತ್ತಿದಾಗ ನಿಂತರೆ ಪೆಟ್ರೋಲ್ ಹಿಂದಕ್ಕೆ ಇಳಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಹೋಗಿದೆ, ಆಗ ಪಂಪ್ ಬದಲಿಸಿ. ಎರಡರಲ್ಲೂ ನಿಲ್ಲದಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ, ಆ ಸಿಲಿಂಡರಿನ ಪ್ಲಗ್ ಕಪ್ಪಗೆ ಒದ್ದೆಯಾಗಿರುತ್ತದೆ.

ಪ್ರೆಶರ್ ಕಡಿಮೆ ಇರುವವರಿಗೂ ಒಂದು ಮಾತು. ಐಡ್ಲಿಂಗ್‌ನಲ್ಲಿ ರಿಟರ್ನ್ ಪೈಪನ್ನು ಒಂದೆರಡು ಸೆಕೆಂಡ್ ಮೆಲ್ಲಗೆ ಅದುಮಿ. ಮುಳ್ಳು ಸರ್ರನೆ 4 ದಾಟಿದರೆ ಪಂಪ್ ಗಟ್ಟಿಯಿದೆ, ತಪ್ಪು ರೆಗ್ಯುಲೇಟರಿನದು. ಏರದಿದ್ದರೆ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಆಮೇಲೆ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿ. ಅಲ್ಲಿನ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಅರ್ಧ ವೋಲ್ಟನ್ನೂ ಮೀರಿ ಇಳಿದಿದ್ದರೆ ಅರ್ತಿಂಗ್ ತುಕ್ಕು ಉಜ್ಜಿಸಿ, ರಿಲೇ ನೋಡಿಸಿ. ಎಷ್ಟೋ ಪಂಪುಗಳು ಇದೊಂದನ್ನು ನೋಡದೆಯೇ ಗುಜರಿ ಸೇರುತ್ತವೆ.

ಪ್ರಶ್ನೆ: ನನ್ನ ಎಸ್ಟೀಮ್‌ನಲ್ಲಿ ಪ್ರೆಶರ್ ಸರಿಯಾಗಿದೆ. ಆದರೂ ಎಂಜಿನ್ ಬಿಸಿಯಾದ ಮೇಲೆ ಆರ್‌ಪಿಎಂ 700ಕ್ಕೂ 1,500ಕ್ಕೂ ನಡುವೆ ಏರಿಳಿಯುತ್ತದೆ.
— ಓದುಗರು, ಬೆಂಗಳೂರು

ಉತ್ತರ: ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿರಬಹುದು. ಬ್ರೇಕ್ ಬೂಸ್ಟರ್, ಪಿಸಿವಿ (ಎಂಜಿನ್ನಿನೊಳಗಿನ ಹೊಗೆಯನ್ನು ಇಂಟೇಕಿಗೆ ಒಯ್ಯುವ ವಾಲ್ವ್), ಕ್ಯಾನಿಸ್ಟರ್ (ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿಯುವ ಡಬ್ಬಿ) ಪೈಪುಗಳನ್ನು ಒಂದೊಂದಾಗಿ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಏರಿಳಿತ ನಿಲ್ಲುತ್ತದೋ ಆ ದಾರಿ ಹುಡುಕಿ. ಪೈಪಿನ ತುದಿ ಉಗುರಿನಿಂದ ಒತ್ತಿದರೆ ಬಿರುಕು ಬಾಯಿ ಬಿಡುತ್ತದೆ. ಮ್ಯಾನಿಫೋಲ್ಡ್ ಎಷ್ಟು ಎಳೆಯುತ್ತದೆ ಎಂದು ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದರೆ ಒಂದು ಎಚ್ಚರ: ಸಮುದ್ರಮಟ್ಟದಲ್ಲಿ ಪಾದರಸದ ಲೆಕ್ಕದಲ್ಲಿ 16ರಿಂದ 21 ಇಂಚು ತೋರಿಸುವುದು ಸರಿ, ಆದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಆರೋಗ್ಯವಾಗಿರುವ ಎಂಜಿನ್ನೂ ಸುಮಾರು 3 ಇಂಚು ಕಡಿಮೆಯೇ ತೋರಿಸುತ್ತದೆ.

ರೇಡಿಯೇಟರ್ ಕೂಲಂಟ್ ಕೂಡ ನೋಡಿ. ಮಟ್ಟ ಇಳಿದು ಗಾಳಿಗುಳ್ಳೆ ಸೇರಿದರೆ ಟೆಂಪರೇಚರ್ ಸೆನ್ಸರ್ ತಪ್ಪು ಹೇಳುತ್ತದೆ. ಅದರ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ 2.2ರಿಂದ 2.7 ಕಿಲೋ ಓಮ್, 80 ಡಿಗ್ರಿಯಲ್ಲಿ 0.3ರ ಆಸುಪಾಸು ಇರಬೇಕು.

ಪ್ರಶ್ನೆ: ಕಾರ್ಬ್ಯುರೇಟರ್ ಇರುವ 1996ರ ಮಾರುತಿ 800. ಚೋಕ್ ಎಳೆದರೆ ಓಡುತ್ತದೆ, ಬಿಟ್ಟರೆ ಐಡ್ಲಿಂಗ್ ನಿಲ್ಲುವುದಿಲ್ಲ. ಎಂಪಿಎಫ್‌ಐ ಗಾಡಿಯ ಪಂಪ್ ಹಾಕಿಸಬಹುದೇ?
— ಓದುಗರು, ಶಿರಸಿ

ಉತ್ತರ: ಖಂಡಿತ ಬೇಡ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವುದನ್ನು ತಡೆದು ಬಿಡುವ ನೀಡಲ್ ವಾಲ್ವ್ ತಾಳುವುದು 0.2–0.3 ಕೆ.ಜಿ. ಪ್ರೆಶರ್ ಮಾತ್ರ. 3 ಕೆ.ಜಿ. ಕೊಟ್ಟರೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ, ಗಾಡಿ ಸುಟ್ಟುಹೋಗಬಹುದು. ನಿಮ್ಮದು ಸ್ಲೋ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಕಟ್ಟಿರುವ ಲಕ್ಷಣ. ಕಾರ್ಬ್ಯುರೇಟರಿನಲ್ಲಿ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇದ್ದರೆ ಕೀ ಆನ್ ಮಾಡಿದಾಗ ‘ಟಿಕ್’ ಎನ್ನಬೇಕು, ಎನ್ನದಿದ್ದರೆ ಅದಕ್ಕೆ ಕರೆಂಟ್ ಬರುತ್ತಿದೆಯೇ ನೋಡಿ. ಜೆಟ್ ಬಿಚ್ಚಿ ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಸಿ. ತಂತಿ ಮಾತ್ರ ಚುಚ್ಚಬೇಡಿ. ಹಿತ್ತಾಳೆಯ ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಐಡ್ಲಿಂಗ್ ಮತ್ತೆ ಸೆಟ್ ಆಗುವುದಿಲ್ಲ, ಹೊಸ ಜೆಟ್ಟೇ ಹಾಕಬೇಕಾಗುತ್ತದೆ.