ಬೋರ್ಡ್ ಮೇಲೆ ಎದ್ದ ಕೂಡಲೇ ಹಿಂದಕ್ಕೆ ಬೀಳುವುದು

ಕೈಟ್‌ಬೋರ್ಡಿಂಗ್‌ನಲ್ಲಿ (ದೊಡ್ಡ ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಎದ್ದು ಎರಡೇ ಸೆಕೆಂಡಿಗೆ ಹಿಂದಕ್ಕೆ ಬೀಳುತ್ತೀರಿ, ಕೈಟ್ ಕೂಡ ಹಿಂಬದಿಗೆ ಜಾರುತ್ತದೆ ಅಂದಿರಲ್ಲ, ಬಹುಮಟ್ಟಿಗೆ ಬಾರನ್ನು, ಅಂದರೆ ಕೈಟ್ ನಡೆಸಲು ಕೈಯಲ್ಲಿ ಹಿಡಿಯುವ ಕೋಲನ್ನು, ಎದೆಗೆ ಎಳೆದುಕೊಳ್ಳುವುದೇ ಕಾರಣ. ಹಾಗೆ ಎಳೆದಾಗ ಕೈಟಿನ ಹಿಂಬದಿಗೆ ಕಟ್ಟಿದ ಹಿಂದಿನ ದಾರಗಳು ಅತಿಯಾಗಿ ಬಿಗಿದರೆ ಕೈಟ್ ಮುಂದಕ್ಕೆ ಹಾರುವುದನ್ನೇ ನಿಲ್ಲಿಸುತ್ತದೆ. ನಿಮ್ಮ ತೂಕ ಹೊರಬೇಕಾದ್ದು ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್ ಪಟ್ಟಿ, ತೋಳಲ್ಲ.

ಮೊದಲು, ಕೈಟ್ ತಲೆಯ ಮೇಲಿರುವಾಗ ಬಾರನ್ನು ಪೂರ್ತಿ ಹೊರಗೆ ಬಿಟ್ಟು ನೋಡಿ: ಹಿಂದಿನ ದಾರಗಳು ತುಸು ಜೋಲಬೇಕು. ಜೋಲದಿದ್ದರೆ ಟ್ರಿಮ್ ಪಟ್ಟಿಯನ್ನು (ಕೈಟಿನ ಎಳೆತ ತಗ್ಗಿಸುವ ಪಟ್ಟಿ) ನಾಲ್ಕೈದು ಸೆಂ.ಮೀ. ಎಳೆಯಿರಿ.

ನೀರಿನಲ್ಲಿ ಮೊಣಕಾಲು ಎದೆಗೆ ಮಡಚಿ. ಬಲಕ್ಕೆ ಹೋಗುವುದಾದರೆ ಕೈಟನ್ನು (ಆಕಾಶವನ್ನು ಗಡಿಯಾರವೆಂದುಕೊಳ್ಳಿ, 12 ಎಂದರೆ ನೆತ್ತಿಯ ಮೇಲೆ) 12ರಿಂದ 11ಕ್ಕೆ ತಂದು, ಅಲ್ಲಿಂದ 1–2ರವರೆಗೆ ಜೋರಾಗಿ ಇಳಿಸಿ. ಎಳೆತ ಸಿಕ್ಕೊಡನೆ ಮುಂದಿನ ಕಾಲು ಚಾಚಿ, ಬೋರ್ಡಿನ ಮೂತಿಯನ್ನು ಗಾಳಿ ಹೋಗುವ ಕಡೆ ತಿರುಗಿಸಿ. ಎದ್ದ ಮೇಲೆ ಬಾರನ್ನು ಅರ್ಧ ಗೇಣು ಹೊರಗೆ ಬಿಡಿ. ಕೈ ಕೇಳುವುದಿಲ್ಲ, ಆದರೂ ಬಿಡಲೇಬೇಕು.

ಕೈಟ್ ಸರಿಯಾಗಿ ಹಾರುತ್ತಿದ್ದು ನೀವು ಮಾತ್ರ ಮುಳುಗಿದರೆ ಎಳೆತ ಸಾಲದು: ಮೇಲೆತ್ತಿ ಮತ್ತೊಮ್ಮೆ ಇಳಿಸಿ.