ಪ್ರತಿ: ಮಾಸ್ಟೊಡಾನ್‌ಗೆ ಐಟಿಯವರಷ್ಟೇ ಯಾಕೆ ಬರುತ್ತಾರೆ?

ಮಾಸ್ಟೊಡಾನ್ ಟ್ವಿಟರಿನಂಥ ಜಾಲತಾಣ, ಆದರೆ ಬೇರೆಬೇರೆಯವರು ನಡೆಸುವ ಹಲವು ಸರ್ವರುಗಳಲ್ಲಿ ಹರಡಿದೆ. ಉಳಿದವರು ಅಲ್ಲಿ ನಿಲ್ಲದಿರಲು ಬಹುಶಃ ಖಾಲಿ ಟೈಮ್‌ಲೈನೇ ಕಾರಣ. ನಿಮ್ಮ ಪುಣೆ ಕನ್ನಡ ಬಳಗದ ಸರ್ವರ್‌ಗೆ ಹಿಂಜೆವಾಡಿಯ ಐಟಿ ಹುಡುಗರು ಬಂದರು, ಹೋಟೆಲಿನವರೂ ಹಿರಿಯರೂ ಒಂದೇ ದಿನಕ್ಕೆ ಬಿಟ್ಟರು ಅಂದಿರಿ. ಮಾಸ್ಟೊಡಾನ್ ಫೋನ್ ನಂಬರಿನಿಂದ ಪರಿಚಿತರನ್ನು ಹುಡುಕಿಕೊಡುವುದಿಲ್ಲ. ಸಣ್ಣ ಸರ್ವರಿನಲ್ಲಂತೂ, ಆ ಸರ್ವರಿನವರು ಯಾರಾದರೂ ಫಾಲೋ ಮಾಡದಿದ್ದರೆ ಹೊರಗಿನ ಪೋಸ್ಟುಗಳು ಹೆಚ್ಚಾಗಿ ಬರುವುದೇ ಇಲ್ಲ. ಅಲ್ಲಿ ತಡಕಾಡುವ ತಾಳ್ಮೆ ಐಟಿಯವರಿಗಷ್ಟೇ!

ಮೊದಲು ನೀವೇ 30-40 ಕನ್ನಡ ಖಾತೆಗಳನ್ನು ಫಾಲೋ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆಹ್ವಾನದ ಲಿಂಕ್ ತಯಾರಿಸಿ; ಸೇರಿದವರು ತಾನಾಗಿ ನಿಮ್ಮನ್ನು ಫಾಲೋ ಮಾಡುವ ಆಯ್ಕೆಗೆ ಟಿಕ್ ಹಾಕುವುದನ್ನು ಮರೆಯಬೇಡಿ. ಆಗ ನೀವು ಬೂಸ್ಟ್ ಮಾಡಿದ್ದು (ಅಂದರೆ ಮತ್ತೆ ಹಂಚಿದ ಇತರರ ಪೋಸ್ಟು) ಅವರಿಗೂ ಕಾಣುತ್ತದೆ, ಸರ್ವರ್ ಆರಿಸುವ ತಲೆನೋವೂ ಇರದು. ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿ. ಹಿರಿಯರು ಉಳಿದಾರು, ಹೋಟೆಲಿನವರದ್ದು ಅನುಮಾನ, ಅವರ ಗಿರಾಕಿಗಳು ಇನ್‌ಸ್ಟಾಗ್ರಾಮಿನಲ್ಲಿದ್ದಾರೆ.